ಹೊರೆಗಲ್ಲಿನ ಅಳತೆ

"ಬುದ್ಧೀ, ಇವರು ಸತ್ತರೆ ಸಾಕು ಅಂದುಕೊಳ್ಳುತ್ತಲೇ ಒಬ್ಬರಿಗೆ ಅನ್ನ ತಿನ್ನಿಸಿದರೆ, ಅದೂ ಸೇವೆ ಅನ್ನಿಸಿಕೊಳ್ಳುತ್ತಾ?"

ಕೇಳಿದವಳು ಚೆನ್ನಾಜಮ್ಮ. ಅವಳಿಗೇ ಅರವತ್ತನಾಲ್ಕು ದಾಟಿತ್ತು. ಮನೆಯಲ್ಲಿ ಎಂಬತ್ತೆಂಟು ವರ್ಷದ ಅತ್ತೆ. ಅತ್ತೆ ಹಾಸಿಗೆ ಹಿಡಿದು ಐದು ವರ್ಷ, ಮನೆಯವರ ಗುರುತು ತಪ್ಪಿ ಎರಡು ವರ್ಷ. ಸೊಸೆಯನ್ನು ಒಂದು ದಿನ ಅವ್ವಾ ಎಂದು ಕರೆಯುತ್ತಿದ್ದರು, ಮರುದಿನ ಕಳ್ಳಿ ಎನ್ನುತ್ತಿದ್ದರು. ನೆನ್ನೆ ತುತ್ತು ಕೊಡುವಾಗ ಚೆನ್ನಾಜಮ್ಮನ ಮನಸ್ಸಿಗೆ ಆ ಯೋಚನೆ ಬಂದಿತ್ತು. ಬಂದದ್ದು ಹೋಗಲಿಲ್ಲ. ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಮರಿದೇವಮ್ಮನನ್ನು ಅತ್ತೆಯ ಹತ್ತಿರ ಕೂರಿಸಿ ಮಠಕ್ಕೆ ಓಡಿ ಬಂದಿದ್ದಳು.

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಆ ಪುಟ್ಟ ಮಠದಲ್ಲಿ ಅಡುಗೆಗೆ ಬೇರೆ ಆಳಿರಲಿಲ್ಲ. "ಕೂತ್ಕೋ ತಾಯಿ" ಎಂದರು.

"ಕೂರೋಕೆ ಹೊತ್ತಿಲ್ಲ ಬುದ್ಧೀ. ಆ ಮರಿದೇವಮ್ಮನಿಗೆ ಏನೂ ತಿಳಿಯೋದಿಲ್ಲ. ನೀರು ಕುಡಿಸೋಕೆ ಬರೋದಿಲ್ಲ, ಪಕ್ಕ ಹೊರಳಿಸೋಕೆ ಬರೋದಿಲ್ಲ. ನಾನು ಯೋಚಿಸಿದ್ದು ಪಾಪವೋ ಅಲ್ಲವೋ, ಅಷ್ಟು ಹೇಳಿಬಿಡಿ. ಹೊರಡ್ತೀನಿ."

"ಪಾಪ ತೂಗೋ ತಕ್ಕಡಿ ನನ್ನ ಹತ್ತಿರ ಇಲ್ಲ. ಅವರೆಕಾಯಿ ಇದೆ" ಎಂದು ಗುರುಗಳು ಮೊರವನ್ನು ಅವಳ ಕಡೆಗೆ ನೂಕಿದರು. "ಬಿಡಿಸು. ಕಾಯಿ ಮುಗಿಯೋ ಹೊತ್ತಿಗೆ ಕತೆಯೂ ಮುಗಿಯುತ್ತೆ."

ಚೆನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯ ತುದಿಯಲ್ಲಿ ಕೂತಳು. ಗುರುಗಳು ಹೇಳತೊಡಗಿದರು.

ಒಂದು ಗುಡ್ಡದ ಸೀಮೆ. ಅಲ್ಲಿ ಒಬ್ಬ ಕಲ್ಲುಕುಟಿಗ ಇದ್ದ. ಅವನಿಗೊಬ್ಬಳು ಹೆಂಡತಿ. ಮಕ್ಕಳಾಗಲಿಲ್ಲ.

ಆ ಸೀಮೆಯಲ್ಲಿ ಸಂತೆಗೆ ಹೋಗುವ ದಾರಿಯೆಲ್ಲ ಏರು. ಗಾಡಿ ಹತ್ತುವುದಿಲ್ಲ. ಮಡಕೆಯೋ, ಸೌದೆಯೋ, ಬೆಲ್ಲವೋ, ಏನೇ ಇದ್ದರೂ ಹೆಂಗಸರ ತಲೆಯ ಮೇಲೇ ಹೋಗಬೇಕು. ಹೊರುವುದು ಹೇಗೋ ಆಗುತ್ತದೆ. ಸುಸ್ತಾದಾಗ ಇಳಿಸುವುದು ಕಷ್ಟ. ನೆಲಕ್ಕೆ ಇಳಿಸಿದರೆ ಮತ್ತೆ ತಲೆಗೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಒಂಟಿ ದಾರಿಯಲ್ಲಿ ಯಾರು ಸಿಗುತ್ತಾರೆ? ಅದಕ್ಕೇ ಹೊರೆಗಲ್ಲು ನಿಲ್ಲಿಸುತ್ತಿದ್ದರು. ಎರಡು ಕಂಬ, ಅವುಗಳ ಮೇಲೊಂದು ಅಡ್ಡ ಚಪ್ಪಡಿ, ಅಷ್ಟೇ. ಹೊರೆ ಹೊತ್ತವಳು ಅದಕ್ಕೆ ಒತ್ತಿ ನಿಂತು ಮೊಣಕಾಲು ಸ್ವಲ್ಪ ಬಗ್ಗಿಸಿದರೆ ಹೊರೆ ತಲೆಯಿಂದ ಚಪ್ಪಡಿಗೆ ಜಾರುತ್ತದೆ. ನೀರು ಕುಡಿದು, ಬೆವರು ಒರೆಸಿಕೊಂಡು, ಮತ್ತೆ ಮೊಣಕಾಲು ಬಗ್ಗಿಸಿ ತಲೆ ಕೊಟ್ಟರೆ ಚಪ್ಪಡಿಯಿಂದ ತಲೆಗೆ ಜಾರುತ್ತದೆ. ಯಾರನ್ನೂ ಕಾಯಬೇಕಾಗಿಲ್ಲ.

ಗುಟ್ಟೆಲ್ಲ ಕಲ್ಲಿನ ಎತ್ತರದಲ್ಲಿದೆ. ಹೆಚ್ಚಾದರೆ ಹೊರೆ ಕಲ್ಲನ್ನು ಏರುವುದಿಲ್ಲ. ಕಡಿಮೆಯಾದರೆ ಇಳಿಸಿದ್ದು ಮತ್ತೆ ತಲೆಯನ್ನು ಏರುವುದಿಲ್ಲ. ಅದಕ್ಕೆ ಆ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಕುಟಿಗನ ಹೆಂಡತಿ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ನಿಲ್ಲಬೇಕು. ಅವಳ ಕಿವಿಯೋಲೆಯ ಮಟ್ಟಕ್ಕೆ ಅವನು ಗುರುತು ಹಾಕಿಕೊಳ್ಳಬೇಕು. ಕಲ್ಲು ನಿಂತ ಮೇಲೆ ಮೊದಲ ಹೊರೆಯನ್ನೂ ಅವಳೇ ಇಳಿಸಿ ಎತ್ತಬೇಕು. ಬೇರೆ ಅಳತೆಗೋಲನ್ನು ಅವರು ಒಪ್ಪುತ್ತಿರಲಿಲ್ಲ.

ಈ ಕುಟಿಗನ ಹೆಂಡತಿ ಗಿಡ್ಡಿ. "ಸೀಮೆಯ ಹೆಂಗಸರೆಲ್ಲ ನನ್ನಷ್ಟೇ ಇದ್ದಾರಾ? ನನ್ನ ಅಳತೆ ಯಾಕೆ?" ಎಂದು ಅವಳು ಪ್ರತಿ ಸಲವೂ ಕೇಳುವಳು. "ಉದ್ದದವಳು ಬೇಕಾದರೆ ಬಗ್ತಾಳೆ. ಗಿಡ್ಡಿ ಎಲ್ಲಿಂದ ಬೆಳೆದುಕೊಂಡು ಬರ್ತಾಳೆ? ನೆಟ್ಟಗೆ ನಿಂತ್ಕೋ" ಎಂದು ಅವನು ಪ್ರತಿ ಸಲವೂ ಗದರುವನು. ಹೀಗೆ ಕಿತ್ತಾಡಿಕೊಳ್ಳುತ್ತಲೇ ಇಬ್ಬರೂ ಸೇರಿ ಹನ್ನೊಂದು ಕಲ್ಲು ನಿಲ್ಲಿಸಿದರು. ಆ ದಾರಿಯಲ್ಲಿ ಹೋಗುವ ಹೆಂಗಸರು ಅವರಿಬ್ಬರ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋಗುತ್ತಿದ್ದರು.

ಅವನಿಗೆ ಎಪ್ಪತ್ತು ತುಂಬಿದ ವರ್ಷ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಾತು ಉಳಿಯಿತು, ಆದರೆ ತೊದಲು.

ಕುಟಿಗ ಉಳಿ ಸುತ್ತಿಗೆ ಮೂಲೆಗಿಟ್ಟು ಹೆಂಡತಿಯ ಚಾಕರಿಗೆ ನಿಂತ. ಅಲ್ಲಿಯವರೆಗೆ ಅವನು ಒಲೆ ಹಚ್ಚಿದವನಲ್ಲ. ಮೊದಲ ದಿನ ಮಾಡಿದ ರಾಗಿ ಗಂಜಿ ಬರೀ ಗಂಟು. ಅವಳು ಅರ್ಧ ಬಾಯಲ್ಲೇ, "ಇದು ಗಂಜಿಯೋ, ಜಲ್ಲಿಯೋ?" ಎಂದಳು. ಅವನು ಕಲಿತ. ಗಂಜಿ ಕಾಯಿಸುವುದು ಕಲಿತ, ಮೈ ಒರೆಸುವುದು ಕಲಿತ, ಬೆನ್ನು ಹುಣ್ಣಾಗದ ಹಾಗೆ ಹೊರಳಿಸುವುದು ಕಲಿತ. ಜಡೆ ಹಾಕುವುದು ಮಾತ್ರ ಬೇಗ ಬರಲಿಲ್ಲ. ಕಲ್ಲಿನಲ್ಲಿ ಬಳ್ಳಿ ಬಿಡಿಸುತ್ತಿದ್ದ ಕೈ ಮೂರೆಳೆ ಕೂದಲು ಹೆಣೆಯಲು ಹದಿನೈದು ದಿನ ತೆಗೆದುಕೊಂಡಿತು. ಅವಳು ಎಡಗೈಯಲ್ಲಿ ಕನ್ನಡಿ ಹಿಡಿದುಕೊಂಡು ಬಯ್ಯುತ್ತಿದ್ದಳು, ಅವನು ಬೈಸಿಕೊಂಡು ಹೆಣೆಯುತ್ತಿದ್ದ.

ಸುಳ್ಳು ಯಾಕೆ ಹೇಳಲಿ, ಅದರಲ್ಲಿ ಅವನಿಗೆ ಸುಖವೂ ಇತ್ತು. ನಲವತ್ತೆಂಟು ವರ್ಷ ಸಂಸಾರ ಮಾಡಿದ್ದರೂ ಅವರು ಕೂತು ಮಾತಾಡಿದವರಲ್ಲ. ಅವನು ಕಲ್ಲಿನ ಹತ್ತಿರ, ಇವಳು ಒಲೆಯ ಹತ್ತಿರ. ಈಗ ಮಾತಾಡಿದರು. ಮದುವೆಯಾದ ಹೊಸದರಲ್ಲಿ ಸುತ್ತಿಗೆಯ ಸದ್ದಿಗೆ ತಲೆ ಚಿಟ್ಟು ಹಿಡಿದು ಹಿತ್ತಲಲ್ಲಿ ನಿಂತು ಅಳುತ್ತಿದ್ದೆ ಎಂದು ಅವಳು ಈಗ ಹೇಳಿದಳು. "ಆಗಲೇ ಹೇಳೋದಲ್ವಾ, ದೂರ ಹೋಗಿ ಕುಟ್ಟುತ್ತಿದ್ದೆ" ಎಂದು ಅವನೂ ಈಗ ಹೇಳಿದ. ಇಬ್ಬರೂ ನಕ್ಕರು.

ಆದರೆ ನೋಡು ತಾಯಿ, ಮೈ ಎಂಬುದೊಂದು ಇದೆಯಲ್ಲ. ಎಪ್ಪತ್ತು ವರ್ಷದ ಬೆನ್ನು ದಿನಕ್ಕೆ ಹತ್ತು ಸಲ ಇನ್ನೊಂದು ಮೈಯನ್ನು ಎತ್ತಿ ಇಳಿಸಬೇಕು. ಮಲದ ಬಟ್ಟೆ ತೊಳೆದು ಒಣಹಾಕಿ ಬರುವಷ್ಟರಲ್ಲಿ ಇನ್ನೊಂದು ಬಟ್ಟೆ ಒದ್ದೆ. ಒಂದು ವರ್ಷ ಹೋಯಿತು. ಎರಡು ಹೋಯಿತು. ಉಳಿಗೆ ತುಕ್ಕು ಹಿಡಿಯಿತು. ಊರ ಮುಂದಿನ ಕಟ್ಟೆಯ ಮೇಲೆ ಅವನ ಓರಗೆಯವರು ಕೂತು ಹರಟುವುದು ಕೇಳಿಸುತ್ತಿತ್ತು. ಅವನು ಹೋಗಲಿಲ್ಲ. ನಗು ಕಡಿಮೆಯಾಯಿತು. ಆಮೇಲೆ ಮಾತೂ ಕಡಿಮೆಯಾಯಿತು.

ಪಕ್ಕದಲ್ಲಿ ಗಾಣದ ಮನೆ. ಅಲ್ಲೊಬ್ಬಳು ಮುದುಕಿ, ಗಂಡ ಸತ್ತವಳು. ಅವಳು ವಾರಕ್ಕೊಮ್ಮೆ ಒಂದು ಕುಡಿಕೆ ಎಣ್ಣೆ ಹಿಡಿದುಕೊಂಡು ಬಾಗಿಲಿಗೆ ಬರುವಳು. "ಅಣ್ಣಯ್ಯ, ದಿನಕ್ಕೆ ಒಂದೆರಡು ಗಳಿಗೆ ನಾನು ಕೂರ್ತೀನಿ. ನೀವು ಹೊರಗೆ ಒಂದು ಸುತ್ತು ಹೋಗಿ ಬನ್ನಿ."

"ನನ್ನ ಹೆಂಡತೀನ ನೋಡ್ಕೊಳ್ಳೋಕೆ ನಾನಿನ್ನೂ ಬದುಕಿದ್ದೀನಿ" ಎಂದು ಅವನು ಎಣ್ಣೆ ಇಸಕೊಂಡು ಕಳಿಸುವನು. ಹೊಸ್ತಿಲು ದಾಟಿಸುತ್ತಿರಲಿಲ್ಲ. ಅವಳಿಗೆ ಎಲ್ಲಿ ಗೊತ್ತು? ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಮಗ್ಗುಲಿಗೆ ಹೊರಳಿಸಬೇಕು, ಎಲ್ಲ ನನ್ನೊಬ್ಬನಿಗೇ ಗೊತ್ತು. ಹಾಗೆಂದು ಒಳಗೊಳಗೇ ಒಂದು ಹೆಮ್ಮೆ. ಬೆನ್ನು ಬಿದ್ದುಹೋಗುತ್ತಿದೆ, ಹೆಮ್ಮೆ ಮಾತ್ರ ನೆಟ್ಟಗಿದೆ! ಮುದುಕರ ಬಿಗುಮಾನ ಹಾಗೇ. ಚೆನ್ನಾಜಮ್ಮ, ಯಾಕೆ ಕೈ ನಿಲ್ಲಿಸಿದೆ? ಬಿಡಿಸು, ಬಿಡಿಸು.

ಮೂರನೆಯ ವರ್ಷ ಒಂದು ಬೆಳಗ್ಗೆ ಅವನು ಗಂಜಿ ಕುಡಿಸುತ್ತಿದ್ದ. ಅವಳಿಗೆ ಕೆಮ್ಮು ಬಂತು. ಬಾಯೊಳಗಿದ್ದದ್ದೆಲ್ಲ ಆಗಷ್ಟೇ ಹಾಸಿದ್ದ ಮಡಿ ದುಪ್ಪಟಿಯ ಮೇಲೆ ಬಿತ್ತು. ಅವಳ ಎಡಗೈ ತಗುಲಿ ಬಟ್ಟಲೂ ಉರುಳಿತು. ಅವನು ಬಟ್ಟಲನ್ನು ಎತ್ತಿ ಗೋಡೆಗೆ ಬೀಸಿದ.

"ನೀನು ಸತ್ತಾದರೂ ಹೋಗಬಾರದೇನೇ!"

ನೀನು ಮನಸ್ಸಿನಲ್ಲಿ ಅಂದುಕೊಂಡೆ ತಾಯಿ. ಅವನು ಬಾಯಿಬಿಟ್ಟು ಅಂದ. ಅವಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅವಳು ಅಳಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮಧ್ಯಾಹ್ನ ಅವನು ಹೊಸ ಗಂಜಿ ತಂದ. ಅವಳು ಹಲ್ಲು ಕಚ್ಚಿಕೊಂಡಳು. ಸಂಜೆಗೆ ಹಾಲು ತಂದ. ಬಾಯಿ ತೆರೆಯಲಿಲ್ಲ. "ಬಾಯಿ ತಪ್ಪಿ ಬಂದುಬಿಡ್ತು ಕಣೇ. ಎರಡು ಗುಟುಕು ಕುಡಿ" ಎಂದು ಗೋಗರೆದ. ಉಹೂಂ. ಅವಳು ಏನು ಗಟ್ಟಿ ಮಾಡಿಕೊಂಡಿದ್ದಾಳೆಂದು ಅವನಿಗೆ ಮೆಲ್ಲಗೆ ಹೊಳೆಯಿತು. ಅವನು ಕೇಳಿದ್ದನ್ನೇ ಅವಳು ಕೊಡಲು ಹೊರಟಿದ್ದಳು. ಇವಳು ಹೋಗಿಬಿಟ್ಟರೆ? ಈ ಮನೆಯಲ್ಲಿ ಜಡೆ ಸೊಟ್ಟ ಅಂತ ಬಯ್ಯುವವರು ಯಾರು?

ಮರುದಿನ ಮೇಲಿನ ಊರಿನ ಹಿರಿಯರು ನಾಲ್ವರು ಬಂದರು. ಅವರ ಏರಿನಲ್ಲಿ ಮಡಕೆ ಮಾರುವವಳೊಬ್ಬಳು ಸುಸ್ತಾಗಿ, ಹೊರೆ ಸಮೇತ ಬಿದ್ದು ಕೈ ಮುರಿದುಕೊಂಡಿದ್ದಳು. "ಕಂಬ, ಚಪ್ಪಡಿ ಸೀಳಿಸಿ ತಂದಿದ್ದೀವಿ. ಎತ್ತೋಕೆ ಆಳುಗಳೂ ಇದ್ದಾರೆ. ನೀವು ಬಂದು ಅಳತೆಗೆ ಕಡಿದು ನಿಲ್ಲಿಸಿಕೊಟ್ಟರೆ ಸಾಕು" ಎಂದು ಕೇಳಿಕೊಂಡರು.

"ಆಗೋದಿಲ್ಲ. ನನ್ನ ಮನೇಲಿ ಹೀಗಿದೆ" ಎಂದ ಅವನು.

ಆಗ ಒಳಗಿನಿಂದ ಎರಡು ದಿನಕ್ಕೆ ಮೊದಲ ಮಾತು ಕೇಳಿಸಿತು. "ಹೋಗಿ."

ಅವನು ಒಳಗೆ ಓಡಿದ. ಅವಳು ಗೋಡೆಯ ಕಡೆಗೇ ನೋಡುತ್ತ ಹೇಳಿದಳು, "ಪಕ್ಕದವಳು ಬಂದು ಕೂರಲಿ. ನೀವು ಕಲ್ಲಿಗೆ ಹೋದರೆ ನಾನು ಗಂಜಿ ಕುಡೀತೀನಿ. ಹೋಗದಿದ್ದರೆ ಇಲ್ಲ."

ಇನ್ನೇನು ಮಾಡುತ್ತಾನೆ? ಗಾಣದ ಮನೆಯ ಮುದುಕಿಯನ್ನು ಕರೆದ. ಉಳಿಯ ತುಕ್ಕು ಉಜ್ಜಿದ. ಆದರೆ ಅಳತೆ ಬೇಕಲ್ಲ. ಅವಳನ್ನು ನಿಲ್ಲಿಸುವುದು ಅವನೊಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ನಿಲ್ಲಿಸಬಹುದು ಎಂಬ ಯೋಚನೆಯೂ ಅವನಿಗೆ ಬರಲಿಲ್ಲ. ಮೂರು ವರ್ಷದಿಂದ ಅವನ ಕಣ್ಣಿಗೆ ಅವಳು ಮಲಗಿದವಳು, ಅಷ್ಟೇ. ಒಂದು ಹುರಿ ತಂದು, ಮಲಗಿದ್ದ ಹಾಗೇ ಅವಳ ಹಿಮ್ಮಡಿಯಿಂದ ಕಿವಿಯೋಲೆಯವರೆಗೆ ಹಿಡಿದು, ಗಂಟು ಹಾಕಿಕೊಂಡು ಹೊರಟುಬಿಟ್ಟ. ಮೊಣಕಾಲು ಮಡಚಿ ಮಲಗಿ ಮಲಗಿ ಅವಳ ಕಾಲು ಮಡಚಿದ ಹಾಗೇ ಸೆಟೆದುಹೋಗಿದ್ದವು. ಅದು ಅವನ ತಲೆಗೆ ಹೋಗಲಿಲ್ಲ. ಹನ್ನೊಂದು ಕಲ್ಲು ನಿಲ್ಲಿಸಿದ ಕುಟಿಗ, ನೋಡು, ಎಂಥ ಪೆದ್ದು ಕೆಲಸ ಮಾಡಿದ!

ಮೂರು ದಿನ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದ. ಮೊದಲ ದಿನ ಅರ್ಧ ದಾರಿಗೆ ಹೋದವನು ತಿರುಗಿ ಬಂದು ಕಿಟಕಿಯಲ್ಲಿ ಇಣುಕಿದ. ಗಾಣದವಳು ಹಾಕಿದ ಜಡೆ ಸೊಟ್ಟಗಿತ್ತು. ಗಂಜಿಯನ್ನು ಊದದೆ ಬಾಯಿಗೆ ಇಡುತ್ತಿದ್ದಳು. ಅವನಿಗೆ ಮೈ ಉರಿಯಿತು. ಆದರೆ ಹೆಂಡತಿ ಬಾಯಿ ತೆರೆದು ಕುಡಿಯುತ್ತಿದ್ದಳು. ಅವನು ತುಟಿ ಕಚ್ಚಿಕೊಂಡು ಏರು ಹತ್ತಿದ. ಮನೆಗೆ ಬಂದಾಗ ಅವನೇ ಬಟ್ಟಲು ಹಿಡಿದರೆ ಅವಳು ಮತ್ತೆ ಹಲ್ಲು ಕಚ್ಚುವಳು. ಮಾತು ಕೊಟ್ಟ ಹಾಗೆ ಗಂಜಿ ಕುಡಿಯುತ್ತಿದ್ದಳು, ಅವನ ಕೈಯಿಂದ ಮಾತ್ರ ಇಲ್ಲ. ಮೂರು ವರ್ಷ ಉಣ್ಣಿಸಿದ ಕೈ ಅದು. ಅವನಿಗೆ ಅಳು ಬಂತು.

ನಾಲ್ಕನೆಯ ದಿನ ಕಲ್ಲು ನಿಂತಿತ್ತು. ಮೊದಲ ಹೊರೆ ಇಳಿಸಲು ಹೆಂಡತಿ ಬರುವ ಹಾಗಿಲ್ಲ. ಪದ್ಧತಿ ಹಾಗೇ ಬಾಕಿ ಉಳಿಯಿತು. ಅವನು ಒಂದು ಮರದ ಕೆಳಗೆ ಕೂತು ನೋಡುತ್ತಿದ್ದ. ಆರು ಮಡಕೆ ಪೇರಿಸಿಕೊಂಡು ಒಬ್ಬ ಹೆಂಗಸು ಏರು ಹತ್ತಿ ಬಂದಳು. ಕೈ ಮುರಿದುಕೊಂಡವಳ ಅಕ್ಕ. ಕಲ್ಲು ಕಂಡು ಅವಳ ಮುಖ ಅರಳಿತು. ಹೊರೆಗೆ ಎರಡೂ ಕೈ ಕೊಟ್ಟು, ತುಂಬಾ ಬಗ್ಗಿ, ಹೇಗೋ ಇಳಿಸಿದಳು. ಬೆವರು ಒರೆಸಿಕೊಂಡಳು. ಎಲೆಯಡಿಕೆ ಹಾಕಿಕೊಂಡಳು. ಆಮೇಲೆ ತಲೆ ಕೊಟ್ಟಳು. ಕಲ್ಲು ಎದೆಯ ಮಟ್ಟಕ್ಕಿತ್ತು. ಬಗ್ಗಿ ತಲೆ ಕೊಟ್ಟರೆ ಏಳಲಾಗದು. ಎದ್ದು ನಿಂತರೆ ಹೊರೆ ತಲೆಗೆ ಬಾರದು. ನಾಲ್ಕು ಸಲ ನೋಡಿದಳು. ಒಂದು ಮಡಕೆ ಬಿದ್ದು ಒಡೆಯಿತು.

"ಯಾವ ಪುಣ್ಯಾತ್ಮ ನಿಲ್ಲಿಸಿದನಪ್ಪಾ ಇದನ್ನ? ಇಳಿಸೋಕೆ ಆಗುತ್ತೆ, ಎತ್ತೋಕೆ ಆಗಲ್ಲ! ಇದಕ್ಕೂ ನೆಲಕ್ಕೂ ಏನು ವ್ಯತ್ಯಾಸ?"

ಅವನು ಎದ್ದು ಬಂದು ಉಳಿದ ಮಡಕೆಗಳನ್ನು ಎತ್ತಿಕೊಟ್ಟ. "ಇವತ್ತೇನೋ ನೀವಿದ್ರಿ. ನಾಳೆ?" ಎಂದು ಅವಳು ಹೋದಳು.

ಅವನು ಆ ಕಲ್ಲಿನ ಬುಡದಲ್ಲೇ ಕುಸಿದು ಕೂತ. ಹೊರೆಗೆ ಮೂರು ಜಾಗ ಇವೆ ಎಂದು ಅವನಷ್ಟು ತಿಳಿದವರು ಆ ಸೀಮೆಯಲ್ಲೇ ಇರಲಿಲ್ಲ. ತಲೆ, ನೆಲ, ನಡುವೆ ಕಲ್ಲು. ತನ್ನ ಮನೆಯಲ್ಲಿ ಮಾತ್ರ ಅವನಿಗೆ ಎರಡೇ ಕಂಡಿದ್ದವು. ಮೂರು ವರ್ಷ ಇಳಿಸದೆ ಹೊತ್ತ. ಕತ್ತು ಸೋತ ದಿನ ಅವನ ಕಣ್ಣಿಗೆ ನೆಲ ಒಂದೇ ಬಿತ್ತು, ಅದಕ್ಕೇ ಬಾಯಲ್ಲಿ ಆ ಮಾತು ಬಂತು. ದಾರಿಹೋಕರಿಗೆ ಹನ್ನೊಂದು ಕಲ್ಲು ನಿಲ್ಲಿಸಿದವನು, ತನ್ನ ಬಾಗಿಲಿಗೆ ತಾನಾಗಿ ನಡೆದು ಬಂದ ಕಲ್ಲನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ, ಎಣ್ಣೆ ಇಸಕೊಂಡು ಕಳಿಸುತ್ತಿದ್ದ. ನಾಚಿಕೆಯಾಯಿತು ಅವನಿಗೆ. ಗಂಡಸು, ಎಪ್ಪತ್ತಮೂರು ವರ್ಷದವನು, ದಾರಿಯಲ್ಲಿ ಕೂತು ಗಳಗಳ ಅತ್ತ.

ಮನೆಗೆ ಬಂದು ಹೆಂಡತಿಯ ಕಾಲ ಹತ್ತಿರ ಕೂತ. "ಕಲ್ಲು ತಗ್ಗಾಯ್ತು ಕಣೇ" ಎಂದ.

ಅವಳು ಮುಖ ತಿರುಗಿಸಿದಳು. "ಎಷ್ಟು?"

"ಒಂದೂವರೆ ಗೇಣು."

"ಹೆಂಗೆ ಅಳತೆ ತಗೊಂಡ್ರಿ?"

ಅವನು ಹುರಿ ತೋರಿಸಿದ. ಅವಳು ಹುರಿಯನ್ನು ನೋಡಿದಳು, ತನ್ನ ಮಡಚಿದ ಕಾಲನ್ನು ನೋಡಿದಳು. ಅರ್ಧ ಬಾಯಲ್ಲಿ ಕಿಸಕ್ಕೆಂದು ನಕ್ಕಳು. ನಗು ನಿಲ್ಲಲಿಲ್ಲ. ಗಾಣದ ಮನೆಯವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮಲಗಿದವಳ ಅಳತೆ ತಗೊಂಡು ನಿಂತವರಿಗೆ ಕಲ್ಲು ಕಟ್ಟಿದ್ರಾ? ನನ್ನನ್ನ ನಿಲ್ಲಿಸಿ."

"ನಿನ್ನ ಕೈಲಿ ಆಗೋದಿಲ್ಲ."

"ನಿಮ್ಮೊಬ್ಬರ ಕೈಲಿ ಆಗೋದಿಲ್ಲ. ಇವಳೂ ಇದ್ದಾಳಲ್ಲ, ಹಿಡೀಲಿ."

ಒಂದು ಕಂಕುಳಿಗೆ ಅವನು ಕೈ ಕೊಟ್ಟ, ಇನ್ನೊಂದಕ್ಕೆ ಗಾಣದವಳು ಕೊಟ್ಟಳು. ಬಾಗಿಲವರೆಗೆ ಎಳೆದುಕೊಂಡು ಹೋಗಿ, ಬಾಗಿಲುವಾಡಕ್ಕೆ ಒರಗಿಸಿ ಎತ್ತಿದರು. ಎಡಗಾಲು ನೆಲ ಮುಟ್ಟಿ, ನಡುಗಿ, ಮೆಲ್ಲಗೆ ನೆಟ್ಟಗಾಯಿತು. ಬಲಗಾಲು ಮುಟ್ಟಲಿಲ್ಲ. "ಒಂದೇ ಸಾಕು" ಎಂದಳು ಅವಳು. ಮೂರು ವರ್ಷದ ಮೇಲೆ ಅವಳ ಮುಖ ಅವನ ಎದೆಯ ಮಟ್ಟಕ್ಕೆ ಬಂತು. ಅವಳು ಇಷ್ಟು ಎತ್ತರ ಇದ್ದಾಳೆಂಬುದೇ ಅವನಿಗೆ ಮರೆತುಹೋಗಿತ್ತು.

"ಸಿಂಬಿ ಎಲ್ಲಿ? ಸಿಂಬಿ ಇಲ್ಲದೆ ಅಳತೆ ಎಂಥದ್ದು?" ಎಂದು ಗದರಿದಳು. ಗಾಣದವಳು ತನ್ನ ಸೆರಗಿನ ತುದಿಯನ್ನೇ ಸುತ್ತಿ ಅವಳ ತಲೆಯ ಮೇಲಿಟ್ಟಳು. ಅವನು ಖಾಲಿ ಇದ್ದ ಕೈಯಲ್ಲಿ ಇದ್ದಿಲ ತುಂಡು ಹಿಡಿದು ಬಾಗಿಲುವಾಡದ ಮೇಲೆ ಓಲೆಯ ಮಟ್ಟಕ್ಕೆ ಗೆರೆ ಎಳೆದ.

"ನೆಟ್ಟಗೆ ನಿಂತಿದ್ದೀನಾ?" ಎಂದು ಅವಳು ಕೇಳಿದಳು.

"ನಿಂತಿದ್ದೀಯ" ಎಂದ ಅವನು.

ಮಲಗಿಸಿದ ಮೇಲೆ ಗಾಣದವಳು ಗಂಜಿ ಬಿಸಿ ಮಾಡಲು ಹೋದಳು. ಅವನು ತಲೆ ತಗ್ಗಿಸಿ ಹೇಳಿದ, "ಅವತ್ತು ನಾನು ಅಂಥ ಮಾತು ಅಂದೆನಲ್ಲ."

"ಅಂದ್ರಿ. ಎದೆಗೆ ಚುಚ್ಚಿತು. ಸುಳ್ಳು ಹೇಳಲ್ಲ. ಆದರೆ ಆ ಮೊದಲ ತಿಂಗಳು ಕೊತಕೊತ ಕುದಿಯೋ ಗಂಜಿ ಬಾಯಿಗೆ ಸುರೀತಿದ್ರಲ್ಲ, ಆಗ ನೀವು ಸತ್ತರೆ ಸಾಕಪ್ಪಾ ಅಂತ ನಾನೂ ಎಷ್ಟು ಸಲ ಅಂದುಕೊಂಡಿಲ್ಲ? ಬಾಯಿ ತುಂಬ ಗಂಜಿ ಇರ್ತಿತ್ತು, ನೀವು ಬಚಾವಾದ್ರಿ."

ಅವತ್ತು ಅವಳು ಅವನ ಕೈಯಿಂದಲೇ ಗಂಜಿ ಕುಡಿದಳು. ಒಂದು ಬಟ್ಟಲು ಮುಗಿಸಿ ಇನ್ನೂ ಅರ್ಧ ಹಾಕಿಸಿಕೊಂಡಳು.

ಮರುದಿನ ಅವನು ಚಪ್ಪಡಿಯ ಕೆಳಗೆ ಎರಡು ಗಟ್ಟಿ ತುಂಡು ಕೊಟ್ಟು ಕಲ್ಲನ್ನು ಒಂದೂವರೆ ಗೇಣು ಎತ್ತರಿಸಿದ. ಬಾಕಿ ಉಳಿದ ಪದ್ಧತಿ ಒಂದಿತ್ತಲ್ಲ, ಮೊದಲ ಹೊರೆ. ಹೆಂಡತಿಯ ಹಳೆಯ ಸಿಂಬಿಯನ್ನು ಅವನೇ ತಲೆಗಿಟ್ಟುಕೊಂಡ. ಮಡಕೆಯವಳ ಹೊರೆಯನ್ನು ಇಸಕೊಂಡು ತಾನೇ ಹೊತ್ತು, ಉದ್ದದವನಾದ್ದರಿಂದ ಚೆನ್ನಾಗಿ ಬಗ್ಗಿ, ಕಲ್ಲಿಗೆ ಇಳಿಸಿದ. ಮತ್ತೆ ತಲೆಗೆ ತೆಗೆದುಕೊಂಡ. ಆಳುಗಳು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ.

ಆಮೇಲೆ ಗಾಣದ ಮನೆಯವಳು ದಿನವೂ ಬಂದಳು. ಜಡೆ ದಿನವೂ ಸೊಟ್ಟಗೇ ಇರುತ್ತಿತ್ತು. ಅವನು ನೋಡಿಯೂ ನೋಡದವನ ಹಾಗೆ ಕಟ್ಟೆಗೆ ಹೋಗುವನು, ಇಲ್ಲವೇ ಒಂದು ಕಲ್ಲು ಕೆತ್ತಲು ಕೂರುವನು. ಎರಡು ಗಳಿಗೆ ಕಳೆಯುವಷ್ಟರಲ್ಲಿ ಅವನಿಗೆ ಮನೆಯ ಕಡೆಗೆ ಕಾಲು ಎಳೆಯುತ್ತಿತ್ತು. ಮೂರು ವರ್ಷದಲ್ಲಿ ಹೆಂಡತಿಯನ್ನು ನೋಡಬೇಕು ಅನ್ನಿಸಿದ್ದೇ ಇಲ್ಲ ಅವನಿಗೆ. ಅನ್ನಿಸುವಷ್ಟು ದೂರ ಹೋಗಿದ್ದರಲ್ಲವೇ? ಈಗ ಕಟ್ಟೆಯ ಮೇಲೆ ಕೇಳಿದ ಸುದ್ದಿಯನ್ನೆಲ್ಲ ಹೊತ್ತು ತಂದು ಅವಳ ಮುಂದೆ ಸುರಿಯುವನು. ಅವಳು ಎಲ್ಲವನ್ನೂ ಕೇಳಿ, ಅದರಲ್ಲಿ ಅರ್ಧ ಸುಳ್ಳು ಎನ್ನುವಳು. ಬೆನ್ನು ನೋವು ಹೋಗಲಿಲ್ಲ. ಬಟ್ಟೆ ಒದ್ದೆಯಾಗುವುದು ನಿಲ್ಲಲಿಲ್ಲ. ಸಿಟ್ಟೂ ಆಗಾಗ ಬರುತ್ತಿತ್ತು. ಬಂದಾಗ ಅವನು ಬಟ್ಟಲು ಕೆಳಗಿಟ್ಟು, ಗಾಣದವಳನ್ನು ಕೂಗಿ, ಹಿತ್ತಲಿಗೆ ಹೋಗಿ ನಿಲ್ಲುವನು. ಹಾಗೆ ಅವರು ಇನ್ನೂ ಆರು ವರ್ಷ ಬಾಳಿದರು. ವರ್ಷಕ್ಕೊಂದು ಸಲ ಅವನೂ ಗಾಣದವಳೂ ಸೇರಿ ಅವಳನ್ನು ಬಾಗಿಲುವಾಡಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ಅವಳು ಮಸಿಯ ಗೆರೆ ನೋಡಿ, "ಇನ್ನೂ ಅಷ್ಟೇ ಇದ್ದೀನಾ?" ಎಂದು ಕೇಳುತ್ತಿದ್ದಳು. ಅಷ್ಟೇ ಇದ್ದಾಳೆ ಎಂದು ಇಬ್ಬರೂ ಹೇಳುತ್ತಿದ್ದರು.

ಗುರುಗಳು ಕೊನೆಯ ಕಾಯಿ ಬಿಡಿಸಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. ಮೊರದ ತುಂಬ ಕಾಳಾಗಿತ್ತು.

ಚೆನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಲಿಯ ತುದಿಯಲ್ಲಿ ಕೂತಿದ್ದವಳು ಅದು ಯಾವಾಗಲೋ ಹಿಂದಕ್ಕೆ ಸರಿದು ಕಂಬಕ್ಕೆ ಒರಗಿದ್ದಳು. ಬಿಸಿಲು ಅಂಗಳ ದಾಟಿ ಹೋಗಿತ್ತು. ಅದನ್ನು ಕಂಡು ಅವಳಿಗೆ ದಿಗಿಲಾಯಿತು.

"ಅಯ್ಯೋ ಶಿವನೇ, ಎಷ್ಟು ಹೊತ್ತಾಗಿಹೋಯ್ತು! ಅತ್ತೆಯ ನೆನಪೇ ಆಗಲಿಲ್ಲವಲ್ಲ ನನಗೆ" ಎಂದು ಗಡಬಡಿಸಿ ಎದ್ದಳು. ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತಳು. "ಬುದ್ಧೀ, ನಾನು ಕೇಳಿದ್ದಕ್ಕೆ ನೀವು ಉತ್ತರ ಹೇಳಲೇ ಇಲ್ಲ."

ಗುರುಗಳು ಮೊರದಿಂದ ಎರಡು ಬೊಗಸೆ ಕಾಳು ತೆಗೆದು ಅವಳ ಸೆರಗಿಗೆ ಹಾಕಿದರು.

"ಇಷ್ಟು ಹೊತ್ತು ನಿನ್ನ ಹೊರೆ ಇಳಿಸಿಕೊಂಡು ನಿಂತಿದ್ದಾಳಲ್ಲ, ಏನೂ ತಿಳಿಯದ ಆ ಮರಿದೇವಮ್ಮ, ಈ ಕಾಳು ಅವಳಿಗೆ ಕೊಡು ತಾಯಿ."